ಕಿವಿಯ ಹಿಂದಿನ ಹೊಲಿಗೆ

ಜನವರಿ ೯

ಬಜಾರಿ,

ಮೊದಲು ಅಂಗಡಿಯವರು ಕೊಟ್ಟ ಮಾತುಗಳನ್ನು ಬರೆದುಬಿಡುತ್ತೇನೆ. ಹಳಬರನ್ನು ಯಾರನ್ನೂ ತೆಗೆಯುವುದಿಲ್ಲ ಎಂದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂರಲು ಕೌಂಟರಿಗೊಂದು ಸ್ಟೂಲು ಎಂದರು. ಮಾರಾಟದ ಮೇಲಿನ ಕಮಿಷನ್ ಏರಿಸುತ್ತೇವೆ ಎಂದರು. ಹೊಸ ಹಾಲ್ ಕಟ್ಟಿದ ಮೇಲೆ ಮುಂದಿನ ಕೌಂಟರುಗಳೆಲ್ಲ ಹಳಬರಿಗೇ ಎಂದರು.

ಈಗ ಕೊಡದೆ ಹೋದದ್ದು. ಸ್ಟೂಲು ಬರಲಿಲ್ಲ. ಕಮಿಷನ್ ಏರಲಿಲ್ಲ. ಹೊಸ ಹಾಲ್ ಎದ್ದಿತು, ಗೋಡೆ ತುಂಬ ಕನ್ನಡಿ, ನೆತ್ತಿಯ ಮೇಲೆ ಸುಡುವಂಥ ಬಿಳಿ ದೀಪ. ನಲವತ್ತೈದು ದಾಟಿದ ನಾವು ಒಂಬತ್ತು ಹೆಂಗಸರು ಮಾತ್ರ ಹಿಂದಿನ ಉಗ್ರಾಣಕ್ಕೆ. ಅಲ್ಲಿ ಕನ್ನಡಕದ ಫ್ರೇಮುಗಳಿಗೆ ಬೆಲೆಚೀಟಿ ಅಂಟಿಸುವ ಕೆಲಸ. ಮಾರಾಟವಿಲ್ಲ, ಹಾಗಾಗಿ ಕಮಿಷನ್ನೂ ಇಲ್ಲ, ಅಂದರೆ ಕೈಗೆ ಬರುವುದು ಅರ್ಧ. ಆದರೂ ಯಾರನ್ನೂ ತೆಗೆದಿಲ್ಲ ನೋಡು, ಆ ಒಂದು ಮಾತನ್ನು ಉಳಿಸಿಕೊಂಡಿದ್ದಾರೆ!

ಮ್ಯಾನೇಜರನ್ನು ನಾವು ಈಗಲೂ ನೀನಿಟ್ಟ ಹೆಸರಿನಿಂದ ಬೆಣ್ಣೆ ಎಂದೇ ಕರೆಯುತ್ತೇವೆ. ಕಾರಣ ಕೇಳಲು ಹೋದೆವು. "ಕನ್ನಡಕ ಅಂದ್ರೆ ಮುಖದ ವ್ಯಾಪಾರ ಕಣ್ರೀ. ಗಿರಾಕಿ ಫ್ರೇಮ್ ನೋಡೋಕೆ ಮುಂಚೆ ನಿಮ್ಮ ಮುಖ ನೋಡ್ತಾನೆ. ಮುಖಕ್ಕೆ ಸುಸ್ತಾಗಿದ್ರೆ ಫ್ರೇಮಿಗೂ ಸುಸ್ತಾದ ಹಾಗೆ ಕಾಣುತ್ತೆ" ಎಂದ. ಕಣ್ಣಿಗೆ ನಂಬರಿಲ್ಲದಿದ್ದರೂ ಅಂಗಡಿಯ ಹೊಸ ಫ್ರೇಮನ್ನು ದಿನವಿಡೀ ನನ್ನ ಮೂಗಿನ ಮೇಲೆ ಹೊತ್ತು, ಇದೇ ಮುಖದಿಂದ ಅವರ ಗಲ್ಲಾಪೆಟ್ಟಿಗೆ ತುಂಬಿಸಿದವಳು ನಾನು. ಆಗ ಸುಸ್ತು ಕಾಣಲಿಲ್ಲ.

ಎಲ್ಲರೂ ಹೊರಗೆ ಬಂದ ಮೇಲೆ ನನ್ನೊಬ್ಬಳನ್ನು ಕರೆದ. "ಮೇಡಂ, ನಿಮ್ಮ ಕೈಗುಣ ಈ ಹುಡುಗೀರಿಗೆ ಬರಲ್ಲ. ಎರಡು ತಿಂಗಳು ರಜೆ ತಗೊಳ್ಳಿ. ಸ್ವಲ್ಪ ಫ್ರೆಶ್ ಆಗಿ ಬನ್ನಿ. ಮೂರನೇ ಕೌಂಟರು ನಿಮಗೇಂತ ಖಾಲಿ ಇಟ್ಟಿರ್ತೀನಿ. ಹೇಗೂ ನಿಮ್ಮ ನಾದಿನಿ ಅಲ್ಲೇ ಇದಾರಲ್ಲ" ಎಂದ. ಫ್ರೆಶ್ ಅಂದ್ರೆ ಏನ್ಸಾರ್ ಎಂದು ಕೇಳಿದೆ. ಎರಡು ಬೆರಳಿನಿಂದ ತನ್ನ ಕೆನ್ನೆಯನ್ನು ಕಿವಿಯ ಕಡೆಗೆ ಎಳೆದು ತೋರಿಸಿದ.

ಪರದೇಶದಲ್ಲಿ ನೀನು ಕೆಲಸ ಮಾಡುವ ಆ ಮನೆಗೆ ಆಪರೇಷನ್ ಮಾಡಿಸಿ ಮುಖ ಎಳೆಸಿಕೊಂಡವರೇ ಬರುತ್ತಾರಲ್ಲ. ಒಟ್ಟು ಎಷ್ಟಾಗುತ್ತದೆ, ಎಷ್ಟು ದಿನಕ್ಕೆ ಮನುಷ್ಯರ ಹಾಗೆ ಕಾಣುತ್ತಾರೆ, ಬರೆ. ಭಾಷಣ ಬೇಡ. ಫೋನು ಮಾಡಬೇಡ, ನಿನ್ನಣ್ಣನ ಕಿವಿ ಗೋಡೆಗೆ ಅಂಟಿಕೊಂಡಿರುತ್ತದೆ.

ನಿನ್ನ ಅತ್ತಿಗೆ

ಜನವರಿ ೨೪

ಅತ್ತಿಗೆ,

ಭಾಷಣ ಬೇಡ ಎಂದಿರಿ. ಆಯಿತು, ಭಾಷಣ ಕೊನೆಗೆ.

ಮೊದಲು ಖರ್ಚು. ಕ್ಲಿನಿಕ್ಕಿನವರು ಜಾಹೀರಾತಿನಲ್ಲಿ ಹಾಕಿರುವುದು ಕತ್ತರಿಯ ಬೆಲೆ ಮಾತ್ರ. ಪ್ರಜ್ಞೆ ತಪ್ಪಿಸುವ ಡಾಕ್ಟರಿಗೆ ಬೇರೆ. ರಕ್ತಪರೀಕ್ಷೆ, ಎದೆಯ ಪರೀಕ್ಷೆಗೆ ಬೇರೆ. ಗದ್ದಕ್ಕೆ ಕಟ್ಟುವ ಬಿಗಿ ಪಟ್ಟಿಗೆ ಬೇರೆ; ಎರಡು ಬೇಕು, ಒಂದನ್ನು ಒಗೆದಾಗ ಇನ್ನೊಂದು. ಆಮೇಲೆ ನಮ್ಮ ಈ ವಿಶ್ರಾಂತಿ ಮನೆ. ಆಸ್ಪತ್ರೆಯಿಂದ ಬಿಟ್ಟವರು ವಿಮಾನ ಹತ್ತುವವರೆಗೆ ಇಲ್ಲಿ ಮಲಗುತ್ತಾರೆ, ದಿನದ ಬಾಡಿಗೆ ದೊಡ್ಡ ಹೋಟೆಲಿನದು, ಸೂಪು ಮಾತ್ರ ಜೈಲಿನದು. ಎಲ್ಲ ಸೇರಿದರೆ ಜಾಹೀರಾತಿನ ಎರಡರಷ್ಟು. ಏನಾದರೂ ಕೆಟ್ಟರೆ ಮತ್ತೆ ಬರುವ ಖರ್ಚು ನಿಮ್ಮದೇ. ಆ ಸಾಲನ್ನು ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ನಿಮ್ಮ ಒಂದು ವರ್ಷದ ದುಡಿಮೆ ಅತ್ತಿಗೆ, ಒಂದು ಬೆಳಗಿನಲ್ಲಿ ಮುಗಿಯುತ್ತದೆ.

ಇನ್ನು ಮುಖ. ಕಿವಿಯ ಮುಂದಿನಿಂದ ಕೊಯ್ದು, ಹಾಲೆಯನ್ನು ಸುತ್ತಿ, ಹಿಂದಕ್ಕೆ ಹೋಗಿ ಕೂದಲಿನೊಳಗೆ ಮುಗಿಸುತ್ತಾರೆ. ಚರ್ಮವನ್ನು ಎಬ್ಬಿಸಿ, ಎಳೆದು, ಮಿಕ್ಕಿದ್ದನ್ನು ಕತ್ತರಿಸಿ, ಹೊಲಿಯುತ್ತಾರೆ. ಮೊದಲ ದಿನ ರಕ್ತ ಇಳಿಯಲು ಕೊಳವೆ ಇರುತ್ತದೆ. ಕೂತೇ ನಿದ್ದೆ. ಮೂರನೆಯ ದಿನಕ್ಕೆ ಮುಖ ಕುಂಬಳಕಾಯಿ. ಆಮೇಲೆ ನೀಲಿ, ಹಸಿರು, ಹಳದಿ, ಹಳೆಯ ಗಾಯದ ಬಣ್ಣಗಳೆಲ್ಲ ಸಾಲಾಗಿ ಬಂದು ಹೋಗುತ್ತವೆ. ಎರಡು ವಾರಕ್ಕೆ ವಿಮಾನ ಹತ್ತಬಹುದು. ಕಿವಿ, ಕೆನ್ನೆ ತಿಂಗಳುಗಟ್ಟಲೆ ಜೋಮು. ಮರದ ತುಂಡು ಮುಟ್ಟಿದ ಹಾಗೆ. ಇಲ್ಲಿ ಎರಡನೆಯ ವಾರ ಅಳದ ಹೆಂಗಸನ್ನು ನಾನು ಕಂಡಿಲ್ಲ. ಅಳುವುದಕ್ಕೂ ಬಿಡುವುದಿಲ್ಲ, ಹೊಲಿಗೆ ಬಿಗಿಯುತ್ತದೆ ಎನ್ನುತ್ತಾರೆ.

ಈಗ ಭಾಷಣ. ಒಂಬತ್ತು ಜನರನ್ನು ಒಂದೇ ದಿನ ಉಗ್ರಾಣಕ್ಕೆ ನೂಕಿದ್ದಾನೆ ಎಂದರೆ ಒಂಬತ್ತು ಜನ ಒಂದೇ ದಿನ ಹೋಗುವುದಿಲ್ಲ ಎನ್ನಬಹುದು ಎಂದೂ ಅರ್ಥ. ಒಬ್ಬಳನ್ನು ಒಳಗೆ ಕರೆದು ಮೂರನೇ ಕೌಂಟರು ತೋರಿಸಿದ್ದು ಯಾಕೆ? ನಿಮ್ಮ ಕೈಗುಣಕ್ಕಲ್ಲ. ಒಂಬತ್ತನ್ನು ಎಂಟು ಮಾಡುವುದಕ್ಕೆ. ಬೆಣ್ಣೆಗೆ ಬೆಂಕಿ ತೋರಿಸಿ, ಕರಗಿ ನೆಲಕ್ಕಿಳಿಯುತ್ತದೆ. ಕೆನ್ನೆ ತೋರಿಸಬೇಡಿ.

ನಿಮ್ಮ ಬಜಾರಿ

ಫೆಬ್ರವರಿ ೬

ಬಜಾರಿ,

ಒಂಬತ್ತು ಜನ ಎಂದು ಬರೆಯಲು ಎರಡು ಪದ ಸಾಕು. ಇಲ್ಲಿ ಒಬ್ಬಳ ಗಂಡ ಹಾಸಿಗೆ ಹಿಡಿದಿದ್ದಾನೆ, ಒಬ್ಬಳಿಗೆ ಮೊಣಕಾಲು ನೋವು, ಉಗ್ರಾಣದಲ್ಲಿ ಕೂರಲು ಜಾಗವಿದೆಯಲ್ಲ ಎಂದು ಖುಷಿಯಾಗಿದ್ದಾಳೆ. ನಮ್ಮ ಒಂಬತ್ತರಲ್ಲೇ ಒಬ್ಬಳಾದ ಕ್ಯಾಷಿಯರ್ ಅಕ್ಕ ಮಾತ್ರ ಅರ್ಜಿ ಬರೆಯೋಣ ಎಂದು ಓಡಾಡುತ್ತಿದ್ದಾಳೆ. ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ.

ನೀನು ನಮ್ಮ ಅಂಗಡಿಯ ಲೆನ್ಸ್ ಉಜ್ಜುವ ಕೋಣೆಯಲ್ಲಿದ್ದಾಗ ಮುಷ್ಕರದ ಮುಂದೆ ನಿಂತೆ. ನಿನ್ನ ಹೆಸರು ಕೂಗಿದವರು ಮರುವಾರ ಕೆಲಸಕ್ಕೆ ಹೋದರು. ನಿನಗೆ ಸಿಕ್ಕಿದ್ದೇನು? ಪರದೇಶದವರ ಹಾಸಿಗೆ ಬಟ್ಟೆ. ನನಗೆ ಭಾಷಣ ಮಾಡಲು ಬರುವುದಿಲ್ಲ. ನನಗೆ ಬರುವುದು ಎದುರು ಕೂತವರ ಮುಖಕ್ಕೆ ಹೊಂದುವ ಫ್ರೇಮು ಯಾವುದೆಂದು ಒಂದು ನೋಟದಲ್ಲಿ ಹೇಳುವುದು. ಆ ಕೆಲಸ ಕೌಂಟರಿನಲ್ಲಿದೆ, ಉಗ್ರಾಣದಲ್ಲಿಲ್ಲ. ಅದೊಂದೇ ಕೆಲಸದಲ್ಲಿ ನನ್ನನ್ನು ಯಾರೂ 'ಏಯ್' ಎನ್ನುವುದಿಲ್ಲ.

ನಿನ್ನಣ್ಣನಿಗೆ ಹೇಳಿದೆ, ಬಚ್ಚಿಡಲು ಆಗಲಿಲ್ಲ. ಗ್ಯಾರೇಜಿನಿಂದ ಬಂದು ಕೈ ತೊಳೆಯುತ್ತಿದ್ದವರು, "ಏನು, ಮುಖಕ್ಕೆ ಇಸ್ತ್ರಿ ಹಾಕಿಸ್ಕೊಳ್ತೀಯಾ? ಹಾಕಿಸ್ಕೋ. ಹಳೇ ಗಾಡಿಗೆ ಬಣ್ಣ ಹೊಡೆಸಿದ್ರೆ ಇಂಜಿನ್ ಹೊಸದಾಗುತ್ತೆ ಅಂತ ತಿಳ್ಕೊಂಡಿರೋರು ನಮ್ಮ ಗ್ಯಾರೇಜಿಗೂ ಬರ್ತಾರೆ" ಎಂದರು. ಆಮೇಲೆ ಬಹಳ ಹೊತ್ತು ಕೈ ತೊಳೆಯುತ್ತಲೇ ಇದ್ದರು. ಸ್ವಂತ ಮನೆಯ ಮುಂಗಡಕ್ಕೆಂದು ಕೂಡಿಟ್ಟದ್ದನ್ನು ತೆಗೆಯುತ್ತಿದ್ದೇವೆ.

ಮಾರ್ಚ್ ಮೊದಲ ವಾರಕ್ಕೆ ದಿನ ಗೊತ್ತುಮಾಡು. ವಿಶ್ರಾಂತಿ ಮನೆಯ ಬಾಡಿಗೆ ನನ್ನಿಂದಾಗದು. ನಿನ್ನ ಕೋಣೆಯಲ್ಲಿ ಒಬ್ಬಳು ಕೂತು ನಿದ್ದೆ ಮಾಡುವಷ್ಟು ಜಾಗವಿದೆಯಾ?

ಅತ್ತಿಗೆ

ಫೆಬ್ರವರಿ ೧೮

ಅತ್ತಿಗೆ,

ಜಾಗವಿದೆ. ಮಂಚ ನಿಮಗೆ, ನೆಲ ನನಗೆ. ದಿನ ಗೊತ್ತುಮಾಡಿದ್ದೇನೆ. ಬೈಯುವುದನ್ನು ನಿಲ್ಲಿಸಿದ್ದೇನೆ ಎಂದುಕೊಳ್ಳಬೇಡಿ, ಮುಂದಕ್ಕೆ ಹಾಕಿದ್ದೇನೆ ಅಷ್ಟೇ.

ಮುಂದೆ ಗುಂಡಿ ಇರುವ ಅಂಗಿಗಳನ್ನೇ ತನ್ನಿ. ತಲೆಯ ಮೇಲಿಂದ ಹಾಕುವುದು ಯಾವುದೂ ಬೇಡ. ತಲೆನೋವಿಗೆ ನುಂಗುವ ಆ ಮಾತ್ರೆಯನ್ನು ಇವತ್ತೇ ಬಿಡಿ, ಅದು ರಕ್ತ ತೆಳುಮಾಡುತ್ತದೆ. ಬೇರೆ ಏನು ನುಂಗುತ್ತಿದ್ದರೂ ಡಾಕ್ಟರಿಗೆ ಹೇಳಿ. ಹೇಗೆ ಬಣ್ಣ ಹಚ್ಚಿಕೊಂಡು ಬಂದರೂ ಡಾಕ್ಟರು ಮುಖ ತೊಳೆಸಿ ನೋಡುತ್ತಾರೆ, ಆದ್ದರಿಂದ ನಾಚಿಕೆಯನ್ನು ಅಲ್ಲೇ ಬಿಟ್ಟು ಬನ್ನಿ. ವಾಪಸು ಹೋದ ಮೇಲೂ ಭಾರ ಎತ್ತಬಾರದು, ಬಗ್ಗಿ ನೆಲ ಒರೆಸಬಾರದು, ಬಿಸಿಲಿಗೆ ಮುಖ ಕೊಡಬಾರದು. ಅಣ್ಣನಿಗೆ ಹೇಳಿ, ಎರಡು ತಿಂಗಳು ಪಾತ್ರೆ ಅವನದು.

ಕನ್ನಡಕ ಇರುವವರಿಗೆ ನಾವು ಇನ್ನೊಂದಿಷ್ಟು ಪಾಠ ಹೇಳುತ್ತೇವೆ. ನಿಮಗೆ ಅದು ಬೇಡ. ಸೂಜಿಗೆ ದಾರ ಪೋಣಿಸಲು ಇವತ್ತಿಗೂ ಬೀದಿಯವರೆಲ್ಲ ನಿಮ್ಮ ಬಳಿಗೇ ಬರುತ್ತಾರೆಂದು ಅಣ್ಣ ಹೇಳುತ್ತಿದ್ದ.

ಒಂದು ಮಾತು. ಇಲ್ಲಿ ನನ್ನನ್ನು ಯಾರ ಮುಂದೆಯೂ ಬಜಾರಿ ಎಂದು ಕರೆಯಬೇಡಿ. ಇಲ್ಲಿ ನನಗೆ ಒಳ್ಳೆಯ ಹೆಸರಿದೆ.

ನಾದಿನಿ

ಏಪ್ರಿಲ್ ೧೧

ಬಜಾರಿ,

ಸುಖವಾಗಿ ತಲುಪಿದೆ ಎಂದು ಆಗಲೇ ಗೊತ್ತಾಗಿರಬೇಕು. ಕೆಲಸಕ್ಕೂ ಹೋಗುತ್ತಿದ್ದೇನೆ. ಎರಡು ತಿಂಗಳು ರಜೆ ಎಂದಿದ್ದ ಬೆಣ್ಣೆ, ಹೊಸ ಹಾಲಿನ ಉದ್ಘಾಟನೆ ಅಂದುಕೊಂಡದ್ದಕ್ಕಿಂತ ಬೇಗ ಬಂತೆಂದು ತಿಂಗಳಿಗೇ ಕರೆಸಿಕೊಂಡ. ಬಾಗಿಲಲ್ಲೇ ಚಪ್ಪಾಳೆ ತಟ್ಟಿದ. "ಮೇಡಂ, ಹತ್ತು ವರ್ಷ ಹಿಂದಕ್ಕೆ ಹೋಗಿ ಬಂದಿದೀರಿ!" ಎಂದ. ಮೂರನೇ ಕೌಂಟರು ನನ್ನದೇ. ಮಾತು ಉಳಿಸಿಕೊಂಡ, ಒಪ್ಪಿಕೋ.

ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಮುಂದಿನ ಕೌಂಟರುಗಳ ಹುಡುಗಿಯರು ಗಂಟೆಗೊಮ್ಮೆ ಬಂದು ನೋಡಿ ಹೋಗುತ್ತಾರೆ. ಉಗ್ರಾಣದವರಿಗೂ ಸಂತೋಷವೇ. ಕಿವಿ ಇನ್ನೂ ಮರದ ಕಿವಿ. ಅದು ಬಿಟ್ಟರೆ ನೋವಿಲ್ಲ.

ನಿನ್ನ ಉಪಕಾರ ಮರೆಯುವುದಿಲ್ಲ. ಕೊಳವೆ ತೆಗೆದ ದಿನ ನನ್ನ ಕೈ ಹಿಡಿದು ಕೂತೆಯಲ್ಲ. ಆದರೆ ಒಂದು ಕೇಳಬೇಕು. ಆವತ್ತು ನಿನ್ನ ಮೇಲ್ವಿಚಾರಕಿ ಬಂದು, ಮನೆಯವರನ್ನು ನೋಡಿಕೊಳ್ಳಲು ಹೋಗಿ ಅರ್ಧ ಗಂಟೆ ಕದ್ದೆ ಎಂದು ಎಲ್ಲರೆದುರು ಬೈದಳು. ನೀನು ತಲೆ ತಗ್ಗಿಸಿ ನಿಂತೆ. "ಸಾರಿ ಮೇಡಂ" ಎಂದೆ. ಮುಷ್ಕರದಲ್ಲಿ ಅಂಗಡಿಯ ದೊಡ್ಡ ಯಜಮಾನರ ಕಾರಿಗೆ ಅಡ್ಡ ಮಲಗಿದ್ದವಳು ನೀನು. ಪಟ್ಟಿ ಕಟ್ಟಿದ್ದು ನನ್ನ ಗದ್ದಕ್ಕೆ. ನಿನ್ನ ಬಾಯಿಗೆ ಯಾರು ಕಟ್ಟಿದರು?

ಅತ್ತಿಗೆ

ಏಪ್ರಿಲ್ ೨೭

ಅತ್ತಿಗೆ,

ನೀವು ಆ ಪ್ರಶ್ನೆ ಕೇಳುತ್ತೀರೆಂದು ವಿಮಾನ ನಿಲ್ದಾಣದಲ್ಲೇ ಗೊತ್ತಿತ್ತು. ನೀವು ಬಾಯಿ ತೆರೆದಿರಿ, ಮುಚ್ಚಿದಿರಿ. ಹೊಲಿಗೆ ಎಳೆಯಿತು ಎಂದುಕೊಂಡಂತೆ ನಟಿಸಿದೆ.

ಉತ್ತರ ಇದು. ಇಲ್ಲಿ ಇರಲು ನನಗಿರುವ ಕಾಗದದ ಮೇಲೆ ಆ ಮನೆಯ ಹೆಸರಿದೆ. ಕೆಲಸ ಹೋದರೆ ಆ ತಿಂಗಳೇ ದೇಶ ಬಿಡಬೇಕು. ಬಿಟ್ಟು ಎಲ್ಲಿಗೆ ಬರಲಿ? ನಮ್ಮೂರಿನ ಯಾವ ಕನ್ನಡಕದ ಅಂಗಡಿಯೂ ನನ್ನನ್ನು ಬಾಗಿಲೊಳಗೆ ಬಿಡುವುದಿಲ್ಲ, ಅದನ್ನು ಯಜಮಾನರು ಒಬ್ಬೊಬ್ಬರಿಗೂ ಫೋನು ಮಾಡಿ ಖಚಿತ ಮಾಡಿಕೊಂಡಿದ್ದಾರೆ. ಇಲ್ಲಿ ನಾವು ಹಾಸಿಗೆ ಬದಲಿಸುವವರು ಆರು ಜನ, ಆರು ಭಾಷೆ. ಒಬ್ಬಳಿಗೆ ಬೈದರೆ ಉಳಿದ ಐವರು ದಿಂಬಿನ ಚೀಲ ಕೊಡವುತ್ತಾರೆ. ನಾನೂ ಕೊಡವುತ್ತೇನೆ. ಬಜಾರಿ ಅಲ್ಲೇ ಉಳಿದಳು ಅತ್ತಿಗೆ, ಇಲ್ಲಿರುವುದು ಅವಳ ಕೈಕಾಲು ಮಾತ್ರ. ಅದಕ್ಕೇ ಕಾಗದದಲ್ಲಿ ಅಷ್ಟು ಕೂಗಾಡುತ್ತೇನೆ.

ಮೂರನೇ ಕೌಂಟರು ಸಿಕ್ಕಿತಲ್ಲ. ನಾನು ಸೋತೆ, ನೀವು ಗೆದ್ದಿರಿ, ಸಂತೋಷ. ನಿಜವಾಗಿ ಸಂತೋಷ. ಆದರೆ ಉಗ್ರಾಣದವರಿಗೂ ಸಂತೋಷ ಎಂಬ ಸಾಲು ನನಗೆ ಅರ್ಥವಾಗಲಿಲ್ಲ. ಕ್ಯಾಷಿಯರ್ ಅಕ್ಕನ ಅರ್ಜಿ ಏನಾಯಿತು? ನೀವು ಅದಕ್ಕೆ ಸಹಿ ಹಾಕಿದ್ದಿರಾ?

ನಾದಿನಿ

ಮೇ ೩೦

ಅತ್ತಿಗೆ,

ಒಂದು ತಿಂಗಳಾಯಿತು, ಉತ್ತರವಿಲ್ಲ. ನನ್ನ ಪ್ರಶ್ನೆಗೆ ಸಿಟ್ಟೇ? ಮೂರನೇ ಕೌಂಟರು ಸಿಕ್ಕವರಿಗೆ ನಾದಿನಿ ಕಾಣುವುದಿಲ್ಲವೇನೋ ಎಂದು ಅಣ್ಣನಿಗೆ ಫೋನಿನಲ್ಲಿ ತಮಾಷೆ ಮಾಡಿದೆ. ಅವನು ನಗಲಿಲ್ಲ. "ಕೇಳ್ಬೇಡ. ಪಾತ್ರೆ ತೊಳೀತಿದೀನಿ, ಇಡ್ತೀನಿ" ಎಂದ. ಎರಡು ತಿಂಗಳು ಮುಗಿದರೂ ಪಾತ್ರೆ ಅವನೇ ತೊಳೆಯುತ್ತಿದ್ದಾನೆ ಎಂದರೆ ಏನು?

ಎರಡು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ನಾದಿನಿ

ಜೂನ್ ೧೪

ಬಜಾರಿ,

ಏಪ್ರಿಲ್ಲಿನ ಕಾಗದದಲ್ಲಿ ನಾನು ಬರೆದದ್ದರಲ್ಲಿ ಅರ್ಧ ಸುಳ್ಳು. ಈಗ ನಿಜ ಬರೆಯುತ್ತೇನೆ, ಮಧ್ಯದಲ್ಲಿ ನಿಲ್ಲಿಸಿದರೆ ಮತ್ತೆ ಬರೆಯಲಾರೆ.

ಅರ್ಜಿಗೆ ನಾನು ಸಹಿ ಹಾಕಿರಲಿಲ್ಲ. ಎಂಟು ಸಹಿಗಳ ಅರ್ಜಿ ಕೊಟ್ಟಿದ್ದರು: ವಯಸ್ಸು ನೋಡಿ ಕೌಂಟರು ಕಿತ್ತುಕೊಳ್ಳಬೇಡಿ ಎಂದು. ಉದ್ಘಾಟನೆಯ ದಿನ ಬೆಣ್ಣೆ ಆ ಎಂಟು ಜನರನ್ನೂ ಹಾಲಿಗೆ ಕರೆಸಿದ. ಆ ಬಿಳಿ ದೀಪದ ಕೆಳಗೆ ನನ್ನ ಭುಜ ಹಿಡಿದು ಅವರ ಕಡೆಗೆ ತಿರುಗಿಸಿದ. "ನಾನ್ಯಾರಿಗೂ ಬಾಗಿಲು ಹಾಕಿಲ್ಲ. ಮನಸ್ಸಿದ್ರೆ ಮಾರ್ಗ. ಇವ್ರು ಮಾಡ್ಲಿಲ್ವಾ? ಅಂಗಡಿ ಮೇಲೆ ಅಭಿಮಾನ ಇರೋರು ಹೀಗಿರ್ತಾರೆ. ನೀವೂ ಹೀಗೆ ಬನ್ನಿ, ಕೌಂಟರ್ ತಗೊಳ್ಳಿ" ಎಂದ. ಅರ್ಜಿಗೆ ಅದೇ ಉತ್ತರ. ನಾನೇ ಉತ್ತರ. ನಗಬೇಕೆಂದಿದ್ದೆ, ಕೆನ್ನೆ ಬಿಗಿದುಕೊಂಡಿತ್ತು, ನಗು ಅರ್ಧದಲ್ಲೇ ನಿಂತಿತು. ಗೆಲುವಿನ ಕೊಂಕುನಗೆ ಎಂದೇ ಅವರು ತಿಳಿದರು.

ಹೊರಗೆ ಕ್ಯಾಷಿಯರ್ ಅಕ್ಕ ತಡೆದಳು. "ನಿನ್ನ ಮುಖದ ಗೆರೆ ಅಳಿಸ್ಕೊಂಡೆ, ಒಳ್ಳೇದಾಯ್ತು. ಆ ಗೆರೇನ ತಗೊಂಡ್ಹೋಗಿ ನಮ್ಮ ಹೊಟ್ಟೆ ಮೇಲೆ ಎಳೆದ್ಯಲ್ಲೇ" ಎಂದಳು. ಮನೆಗೆ ಬಂದು ಕಾಗದ ತೆಗೆದೆ. ನಿನಗೆ 'ಉಗ್ರಾಣದವರಿಗೂ ಸಂತೋಷವೇ' ಎಂದು ಬರೆದೆ.

ಇನ್ನು ಕಿವಿ. ಕೌಂಟರಿಗೆ ಬಂದ ಮೊದಲ ದಿನವೇ ಬೆಣ್ಣೆ ಹೊಸ ಫ್ರೇಮು ಕೊಟ್ಟ, ದಪ್ಪ ಕಡ್ಡಿಯದು, ಭಾರದ್ದು. ಹಾಕಿಕೊಂಡೆ. ಕೌಂಟರಿನಲ್ಲಿ ನಿಲ್ಲುವವಳು ಫ್ರೇಮು ಹಾಕಿಕೊಳ್ಳುವುದು ಎಂದರೆ ಚಪ್ಪಲಿ ಮೆಟ್ಟಿದ ಹಾಗೆ, ಯಾರಾದರೂ ಯೋಚಿಸುತ್ತಾರೆಯೇ? ಬೆಳಿಗ್ಗೆಯಿಂದ ಅಂಗಡಿ ಮುಚ್ಚುವವರೆಗೆ ಆ ಕಡ್ಡಿ ಹೊಲಿಗೆಯ ಮೇಲೆಯೇ ಕೂತಿರುತ್ತಿತ್ತು. ಉಜ್ಜುತ್ತಿತ್ತು. ಜೋಮು ಹಿಡಿದ ಕಿವಿ, ನನಗೇನು ಗೊತ್ತಾಗಬೇಕು? ಊರಿನವರ ಕಿವಿಗೆಲ್ಲ ಕಡ್ಡಿ ಒತ್ತುತ್ತದೆಯೇ, ಸಡಿಲವೇ ಎಂದು ಕೇಳಿ ಕೇಳಿ ಬಗ್ಗಿಸಿ ಕೊಟ್ಟವಳಿಗೆ ತನ್ನ ಕಿವಿಗೆ ಒತ್ತಿದ್ದು ತಿಳಿಯಲಿಲ್ಲ.

ಮೇ ತಿಂಗಳ ಮೊದಲ ಶನಿವಾರ, ಹಾಲ್ ತುಂಬ ಜನ. ವಯಸ್ಸಾದ ಟೀಚರೊಬ್ಬರಿಗೆ ಫ್ರೇಮು ತೋರಿಸುತ್ತಿದ್ದೆ. ಅವರು ಕನ್ನಡಿ ನೋಡುವುದನ್ನು ಬಿಟ್ಟು ನನ್ನನ್ನೇ ನೋಡಿದರು. "ಅಮ್ಮಾ, ನಿಮ್ಮ ಕುತ್ತಿಗೆ ಮೇಲೆ ಏನೋ ಇಳೀತಿದೆ" ಎಂದರು. ಮುಟ್ಟಿ ನೋಡಿದರೆ ಬೆರಳು ಕೆಂಪು. ಜೊತೆಗೆ ಕೀವಿನ ವಾಸನೆ. ಬೆಣ್ಣೆ ಓಡಿ ಬಂದ. ನನ್ನ ಮುಖದಿಂದ ಫ್ರೇಮು ತೆಗೆದ. ಮೊದಲು ಫ್ರೇಮನ್ನು ಒರೆಸಿದ.

ಇಲ್ಲಿನ ಆಸ್ಪತ್ರೆಯಲ್ಲಿ ಕೊಳೆತದ್ದನ್ನು ಕತ್ತರಿಸಿ ಮತ್ತೆ ಹೊಲಿದರು. ಎಡಗಿವಿಯ ಹಾಲೆ ಕೆಳಗೆ ಎಳೆದುಕೊಂಡು ಕೆನ್ನೆಗೆ ಅಂಟಿದ ಹಾಗಿದೆ. ನಾನು ಈಗ ಉಗ್ರಾಣದಲ್ಲಿದ್ದೇನೆ. ಎಂಟು ಮತ್ತೆ ಒಂಬತ್ತಾಯಿತು. ಬೆಲೆಚೀಟಿಯ ಕಟ್ಟನ್ನು ನನ್ನ ಕಡೆಗೆ ನೂಕಿ ಬೆನ್ನು ತಿರುಗಿಸುತ್ತಾರೆ.

ಖರ್ಚನ್ನಾದರೂ ಕೊಡಿ ಎಂದು ಬೆಣ್ಣೆಯ ಬಳಿ ಹೋದೆ. "ನಾನು ಯಾವಾಗ ಆಪರೇಷನ್ ಅಂದೆ ಮೇಡಂ? ಫ್ರೆಶ್ ಆಗಿ ಬನ್ನಿ ಅಂದೆ ಅಷ್ಟೇ." ಕೆನ್ನೆ ಎಳೆದು ತೋರಿಸಿದ್ರಲ್ಲ ಸಾರ್ ಎಂದೆ. "ತುರಿಸ್ತಿತ್ತು. ತುರಿಸ್ಕೊಂಡೆ" ಎಂದ.

ಅತ್ತಿಗೆ

ಜೂನ್ ೨೯

ಅತ್ತಿಗೆ,

ಬೈಯಿರಿ. ಬೆಣ್ಣೆಗೆ ಬೈದು ಮುಗಿದ ಮೇಲೆ ನನಗೆ ಬೈಯಿರಿ.

ಕಿವಿಯ ಹೊಲಿಗೆ ಗಟ್ಟಿಯಾಗುವವರೆಗೆ ಕನ್ನಡಕದ ಕಡ್ಡಿ ಅದಕ್ಕೆ ತಗುಲಬಾರದು, ಡಾಕ್ಟರು ಆಗಬಹುದು ಎನ್ನುವವರೆಗೆ ಹಾಕಲೇಬಾರದು. ಇದನ್ನು ನಾನು ಇಲ್ಲಿ ಪ್ರತಿದಿನ ಹೇಳುತ್ತೇನೆ. ಕನ್ನಡಕ ಹಾಕಿಕೊಂಡು ಬರುವ ಪ್ರತಿಯೊಬ್ಬಳಿಗೂ ಹೇಳುತ್ತೇನೆ, ಅವಳ ಮೂಗಿನಿಂದ ತೆಗೆದು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕುತ್ತೇನೆ. ನಿಮ್ಮ ಕಣ್ಣಿಗೆ ನಂಬರಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಕಣ್ಣು ನೋಡಿದೆ, ಕೆಲಸ ನೋಡಲಿಲ್ಲ. ಅದೇ ಅಂಗಡಿಯ ಅನ್ನ ತಿಂದವಳು, ಹಿಂದಿನ ಕೋಣೆಯಲ್ಲಿ ಕೂತು ಆ ಫ್ರೇಮುಗಳಿಗೇ ಗಾಜು ಕೂರಿಸಿದವಳು. ನಂಬರಿಲ್ಲದ ಕಣ್ಣಿಗೂ ಅಂಗಡಿ ಫ್ರೇಮು ಹೊರಿಸುತ್ತದೆ ಎಂಬುದನ್ನು ನೀವು ಮೊದಲ ಕಾಗದದಲ್ಲೇ ಬರೆದಿದ್ದಿರಿ. ಓದಿದೆ, ಸಿಟ್ಟು ಮಾಡಿಕೊಂಡೆ. ಸಿಟ್ಟಿನಲ್ಲಿ ಓದಿದ್ದು ತಲೆಗೆ ಇಳಿಯಲಿಲ್ಲ.

ನಿಮ್ಮ ಕಾಗದ ಹಿಡಿದು ಕ್ಲಿನಿಕ್ಕಿಗೆ ಹೋದೆ. ಗಾಜಿನ ಮೇಜಿನ ಹಿಂದಿನವಳು ಕಂಪ್ಯೂಟರು ನೋಡಿ, ರೋಗಿ ಸೂಚನೆ ಪಾಲಿಸಿಲ್ಲ, ಸರಿಪಡಿಸಬೇಕಾದರೆ ಹೊಸದಾಗಿ ಹಣ ಕಟ್ಟಬೇಕು ಎಂದಳು. ಕನ್ನಡಕದ ಸೂಚನೆಯನ್ನು ಎಲ್ಲರಿಗೂ, ಕಣ್ಣು ಚೆನ್ನಾಗಿರುವವರಿಗೂ ಹೇಳಬೇಕು ಎಂದೆ. ನಿನ್ನ ಕೆಲಸ ಹಾಸಿಗೆ ಎಂದಳು. ನಾನು ಕೂಗಿದೆ ಅತ್ತಿಗೆ. ನಮ್ಮ ಭಾಷೆಯಲ್ಲೇ ಕೂಗಿದೆ, ಅವಳಿಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ಎದ್ದು ನಿಂತಳು. ಈಗ ನನ್ನನ್ನು ಹಾಸಿಗೆಯಿಂದ ಬಟ್ಟೆ ಒಗೆಯುವ ನೆಲಮಾಳಿಗೆಗೆ ಹಾಕಿದ್ದಾರೆ. ಮುಂದಿನ ತಿಂಗಳ ಕೊನೆಗೆ ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಹೇಳುತ್ತಾರಂತೆ. ಇಲ್ಲಿನ ಒಳ್ಳೆಯ ಹೆಸರು ಹೋಯಿತು. ಹೋಗಲಿ.

ನಿಮಗೆ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ಬೆಣ್ಣೆ ಏನು ಮಾಡುತ್ತಿದ್ದಾನೆ, ಹೆಂಗಸರು ಏನು ಮಾಡುತ್ತಿದ್ದಾರೆ, ಅದನ್ನು ಬರೆಯಿರಿ.

ಬಜಾರಿ

ಜುಲೈ ೧೭

ಬಜಾರಿ,

ಸಹಿಯಲ್ಲಿ ಹಳೆಯ ಹೆಸರು ನೋಡಿದೆ. ನಿನ್ನಣ್ಣನಿಗೂ ತೋರಿಸಿದೆ. "ಬಂತಪ್ಪಾ" ಎಂದರು, ಅಷ್ಟೇ.

ನಿನ್ನ ತಪ್ಪು ನಿನ್ನದು, ನನ್ನದು ನನ್ನದು, ಅದನ್ನು ತೂಗುತ್ತ ಕೂರಲು ಈಗ ಪುರುಸೊತ್ತಿಲ್ಲ. ಒಂದು ವಿಷಯ ನಡೆದಿದೆ.

ಐದನೇ ಕೌಂಟರಿನ ಹುಡುಗಿ, ಹೋದ ವರ್ಷ ಸೇರಿದವಳು, ನಿನ್ನೆ ಬೆಲೆಚೀಟಿ ಕೇಳುವ ನೆಪದಲ್ಲಿ ಉಗ್ರಾಣಕ್ಕೆ ಬಂದಳು. ಅವಳಿಗಿನ್ನೂ ಮೂವತ್ತಾಗಿಲ್ಲ. ಕೆನ್ನೆಯ ಮೇಲೆ ಒಂದು ಗೆ‌ರೆಯಿಲ್ಲ, ಮೊಡವೆಯ ಕಲೆ ಇನ್ನೂ ಹೋಗಿಲ್ಲ. ನನ್ನ ಪಕ್ಕ ಬಗ್ಗಿ, "ಆಂಟಿ, ಬೇಜಾರ್ ಮಾಡ್ಕೋಬೇಡಿ, ಆ ಕ್ಲಿನಿಕ್ ಅಡ್ರೆಸ್ ಕೊಡ್ತೀರಾ?" ಎಂದಳು.

"ನಿಂಗ್ಯಾಕೆ?"

"ಈಗ್ಲೇ ಸಣ್ಣದಾಗಿ ಮಾಡಿಸ್ಕೊಂಡ್ರೆ ಮುಂದೆ ದೊಡ್ಡದು ಬೇಕಾಗಲ್ವಂತೆ. ಹಾಲಿನ ದೀಪದಲ್ಲಿ ನಂಗೆ ಕಣ್ಣಿನ ಕೆಳಗೆ ಚೀಲ ಕಾಣುತ್ತಂತೆ."

"ದುಡ್ಡು?"

"ಅಂಗಡಿಯವರೇ ಕೊಡ್ತಾರೆ ಆಂಟಿ. ಸಂಬಳದಲ್ಲಿ ಹಿಡ್ಕೋತಾರೆ. ತೀರೋವರೆಗೂ ಕೆಲಸ ಬಿಡೋ ಹಾಗಿಲ್ಲ. ಬುಧವಾರ ಸಾಲದ ಕಾಗದಕ್ಕೆ ಸಹಿ ಹಾಕ್ಬೇಕು. ನಾವು ನಾಲ್ಕು ಜನ ಇದೀವಿ."

"ನನ್ನ ಕಿವಿ ನೋಡಿದ್ಯಾ?"

ಹುಡುಗಿ ನಾಚಿಕೊಂಡಳು. "ನಿಮ್ಗೆ ವಯಸ್ಸಾಗಿತ್ತು, ಅದಕ್ಕೇ ಗಾಯ ಮಾಯಲಿಲ್ಲ ಅಂತ ಮ್ಯಾನೇಜರ್ ಸಾರ್ ಅಂದ್ರು" ಎಂದಳು.

ಮಾಡಿಸಿಕೊಳ್ಳದಿದ್ದರೆ ನಮ್ಮ ವಯಸ್ಸು ತಪ್ಪು. ಮಾಡಿಸಿಕೊಂಡು ಕೆಟ್ಟರೆ ಅದಕ್ಕೂ ನಮ್ಮ ವಯಸ್ಸೇ ತಪ್ಪು. ಅವನ ದೀಪ ತಪ್ಪಲ್ಲ, ಫ್ರೇಮು ತಪ್ಪಲ್ಲ. ನಾನು ಕೌಂಟರು ಸಿಗಲೆಂದು ಒಂದು ಸಲ ಕೊಟ್ಟ ಬೆಲೆಯನ್ನು ಅವನೀಗ ಎಲ್ಲ ಮುಖಗಳಿಗೂ ಅಂಟಿಸುತ್ತಿದ್ದಾನೆ. ಕೌಂಟರಿಗೆ ನಾನು ಬೆಲೆ ಏರಿಸಿಬಿಟ್ಟೆ ಬಜಾರಿ. ಬಜಾರದಲ್ಲಿ ಮೊದಲು ಕೊಂಡವಳು ನಾನು.

ಕ್ಯಾಷಿಯರ್ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹುಡುಗಿ ಹೋದ ಮೇಲೆ ಫ್ರೇಮಿನ ಪೆಟ್ಟಿಗೆಯನ್ನು ನೆಲಕ್ಕೆ ಕುಕ್ಕಿದಳು. "ಆ ಮಕ್ಕಳಿಗೆ ನಾವು ಹೇಳಿದ್ರೆ ಮುದಿಯರ ಹೊಟ್ಟೆಕಿಚ್ಚು ಅಂತಾರೆ. ನೀನೇ ಹೇಳ್ಬೇಕು" ಎಂದಳು.

"ನಂಗೆ ಭಾಷಣ ಬರಲ್ಲ" ಎಂದೆ.

"ಭಾಷಣ ಯಾರಿಗೆ ಬೇಕಾಗಿದೆ? ಎಷ್ಟಾಯ್ತು, ಎಲ್ಲಿ ಕೊಯ್ದ್ರು, ಎಲ್ಲಿ ಕೊಳೀತು, ಅದನ್ನ ಹೇಳು. ಕೂದಲು ಎತ್ತಿ ಕಟ್ಕೊಂಡು ಬಾ. ಹಾಗೇಂತ ನಿನ್ನನ್ನ ನಾನು ಕ್ಷಮಿಸ್ಬಿಟ್ಟೆ ಅಂತ ಅಂದ್ಕೋಬೇಡ. ಅದು ಬೇರೆ ಲೆಕ್ಕ" ಎಂದಳು. ಊಟಕ್ಕೆ ಈಗಲೂ ನನ್ನ ಪಕ್ಕ ಕೂರುವುದಿಲ್ಲ. ಆದರೆ ಸಭೆಗೆ ಬನ್ನಿ ಎಂದು ನಾಲ್ಕು ಹುಡುಗಿಯರಿಗೂ ಅವಳೇ ಹೋಗಿ ಹೇಳಿ ಬಂದಿದ್ದಾಳೆ. ಮೂವರು ಬರುತ್ತೇವೆ ಎಂದಿದ್ದಾರೆ. ನಾಲ್ಕನೆಯವಳು ಬೆಣ್ಣೆಗೆ ಹೇಳಿಬಿಡುವವಳ ಹಾಗೆ ಕಾಣುತ್ತಾಳಂತೆ. ಹೇಳಲಿ. ಉಗ್ರಾಣಕ್ಕಿಂತ ಹಿಂದೆ ಇನ್ನೊಂದು ಕೋಣೆಯಿಲ್ಲ, ಅಲ್ಲಿಂದ ಹಿಂದಕ್ಕೆ ಬೀದಿಯೇ. ಬೀದಿ ನೋಡಿದವಳು ನಮ್ಮ ಮನೆಯಲ್ಲಿ ನೀನೊಬ್ಬಳು. ಕೆಲಸ ಹೋದರೆ ಬಾ. ಮಂಚ ನಿನಗೆ.

ಕನ್ನಡಿ ನೋಡಿಕೊಂಡು ಹೇಳುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಕೆನ್ನೆ ಇನ್ನೂ ಪೂರ್ತಿ ಸಡಿಲವಾಗಿಲ್ಲ, ಜೋರಾಗಿ ಮಾತಾಡಿದರೆ ಎಡಗಡೆ ಬಾಯಿ ಸೊಟ್ಟಗೆ ಹೋಗುತ್ತದೆ. ಹೋಗಲಿ, ಅದನ್ನೂ ನೋಡಲಿ ಎಂದುಕೊಂಡಿದ್ದೇನೆ. ಈ ಕಾಗದ ನಿನ್ನ ಕೈ ಸೇರುವಾಗ ಎಲ್ಲ ಮುಗಿದಿರುತ್ತದೆ, ಗೆದ್ದೆವೋ ಬಿದ್ದೆವೋ ಆಮೇಲೆ ತಿಳಿಯುತ್ತದೆ. ನಿನ್ನ ನೆಲಮಾಳಿಗೆಯಲ್ಲಿರುವ ಉಳಿದವರಿಗೂ ನನ್ನ ಕಿವಿಯ ಕಥೆ ಹೇಳು, ಯಾವ ಭಾಷೆಯಲ್ಲಾದರೂ ಹೇಳು.

ಸಹಿ ಬುಧವಾರ. ನಮ್ಮ ಸಭೆ ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ, ಷಟರ್ ಎತ್ತುವ ಮೊದಲು, ಉಗ್ರಾಣದ ಹಿಂಬಾಗಿಲ ಮೆಟ್ಟಿಲಿನ ಮೇಲೆ.